ಎಣ್ಣೆಮಡ್ಡಿಯ ಕೆಳಗಿನ ನಂಬರು

ಆಗಿನ್ನೂ ತಮಿಳು ಸೀಮೆಯೊಳಗಿನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಮಗ್ಗದ ಸದ್ದು ನಿಂತರೆ ತೊಟ್ಟಿಲ ಕೂಸು ಎಚ್ಚರಾಗಿ ಅಳುತ್ತಿದ್ದ ಕಾಲ. ಆ ಕಾಲದಲ್ಲಿ ನಮ್ಮ ಮನೆತನದೊಳಗೆ "ಆಗದು" ಅಂತ ಹೇಳುವ ಅಧಿಕಾರ ಇದ್ದದ್ದು ದೊಡ್ಡಪ್ಪನಿಗೆ. ಎಂಟು ಪವರ್‌ಲೂಮಿನ ಶೆಡ್ಡು ಅವರದು. ಸಿಟ್ಟು ಬಂದರೆ ಕನ್ನಡ, ತೀರ್ಪು ಕೊಡುವಾಗ ತಮಿಳು. ಮೇ ತಿಂಗಳ ಒಂದು ಬೆಳಗ್ಗೆ ನಮ್ಮ ಜಗಲಿ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಸುರಿದು ಆರಿಸುತ್ತಾ ಅವರು ಅಪ್ಪನಿಗೆ ಎರಡು ತೀರ್ಪು ಕೊಟ್ಟರು.

"ನಿನ್ನ ವ್ಯಾನಿಗೆ ಇನ್ನು ಎಫ್‌ಸಿ ಮುಡಿಯಾದು. ಈ ಹುಡುಗಿ ಒಂಬತ್ತನೇ ಕ್ಲಾಸೂ ಮುಡಿಯಾದು."

ಮುಡಿಯಾದು ಅಂದರೆ ಆಗದು. ಹೇಳಿದ ಮೇಲೆ ನೆಮ್ಮದಿಯಾಗಿ ಕಾಫಿ ಕುಡಿದರು. ನಾನು ಬಾಗಿಲ ಹಿಂದೆ ನಿಂತು ಪರಕಾರದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದೆ.

ವ್ಯಾನಿಗೂ ನನ್ನ ಒಂಬತ್ತನೇ ಕ್ಲಾಸಿಗೂ ಏನು ಸಂಬಂಧ ಅಂತ ಕೇಳುತ್ತೀರಿ. ನಮ್ಮ ಬೀದಿಯ ಸ್ಕೂಲು ಎಂಟಕ್ಕೆ ಮುಗಿಯುತ್ತಿತ್ತು. ಮುಂದಕ್ಕೆ ಓದಬೇಕಾದರೆ ತುಡಿಯಲೂರಿಗೆ ಹೋಗಬೇಕು, ಎರಡು ಬಸ್ಸು ಬದಲಾಯಿಸಬೇಕು. ನಮ್ಮ ಮನೆ ಹೆಣ್ಣುಮಕ್ಕಳು ಟೌನ್ ಬಸ್ಸಿನ ಮೆಟ್ಟಿಲಲ್ಲಿ ನೇತಾಡಿಕೊಂಡು ಹೋಗೋದಿಲ್ಲ ಅನ್ನೋದು ದೊಡ್ಡಪ್ಪನ ಹಳೇ ತೀರ್ಪು. ಅದಕ್ಕೆ ಅಪ್ಪ ಒಂದು ದಾರಿ ಹುಡುಕಿದ್ದ. ಅಪ್ಪನ ಹಳೇ ಡೀಸೆಲ್ ವ್ಯಾನು ದಿನಾ ಬೆಳಗ್ಗೆ ಬೀದಿಯ ಸೀರೆಗಳನ್ನು ಹೊತ್ತು ಗಾಂಧಿಪುರಂ ಅಂಗಡಿಗಳಿಗೆ ಹೋಗುತ್ತಿತ್ತು, ಸಂಜೆ ನೂಲಿನ ಮೂಟೆ ಹೇರಿಕೊಂಡು ಬರುತ್ತಿತ್ತು. ಸ್ವಲ್ಪ ಸುತ್ತಾದರೂ ಪರವಾಗಿಲ್ಲ, ತುಡಿಯಲೂರಲ್ಲಿ ನನ್ನನ್ನು ಇಳಿಸಿ ಹೋಗುತ್ತೇನೆ ಅಂದಿದ್ದ. ದೊಡ್ಡಪ್ಪ ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಅಷ್ಟರಲ್ಲಿ ಎಫ್‌ಸಿ ಬಂತು. ಬಾಡಿಗೆಗೆ ಓಡುವ ಗಾಡಿಯನ್ನು ವರ್ಷಕ್ಕೊಂದು ಸಲ ಆರ್‌ಟಿಓ ಆಫೀಸಿಗೆ ಒಯ್ದು, ರಸ್ತೆಗೆ ಯೋಗ್ಯ ಅಂತ ಸರ್ಟಿಫಿಕೇಟು ಮಾಡಿಸಬೇಕು. ಅಪ್ಪ ಒಯ್ದ. ಬ್ರೇಕ್ ಇನ್‌ಸ್ಪೆಕ್ಟರು ಬಾನೆಟ್ ಎತ್ತಿ ನೋಡಿ, ಮೂಗು ಮುರಿದು, ಬಾನೆಟ್ ಇಳಿಸಿ ವಾಪಸು ಕಳಿಸಿದರು. ಇಂಜಿನ್ ತುಂಬ ಎಣ್ಣೆ, ಧೂಳು, ನೂಲಿನ ಹೊಟ್ಟು ಸೇರಿ ಎರಡು ಬೆರಳು ದಪ್ಪ ಮಡ್ಡಿ ಕಟ್ಟಿತ್ತು. ಇಂಜಿನ್ ನಂಬರು ಕಾಣುತ್ತಿಲ್ಲ, ಎಣ್ಣೆ ಎಲ್ಲಿಂದ ಸೋರುತ್ತಿದೆ ಅಂತಲೂ ಗೊತ್ತಾಗುತ್ತಿಲ್ಲ. "ಶುಕ್ರವಾರ ತೊಳೆದು ತನ್ನಿ. ನಂಬರು ನನ್ನ ಪೆನ್ಸಿಲ್ಲಿಗೆ ಸಿಗಬೇಕು. ಇಲ್ಲದಿದ್ದರೆ ಕಾಯಲಾನ್ ಕಡೆಗೆ ಹಾಕಿ" ಅಂದರಂತೆ. ಕಾಯಲಾನ್ ಕಡೆ ಅಂದರೆ ಹಳೇ ಕಬ್ಬಿಣದ ಅಂಗಡಿ.

ವ್ಯಾನು ಅಲ್ಲಿಗೆ ಹೋದರೆ ಅಪ್ಪ ಮತ್ತೆ ದೊಡ್ಡಪ್ಪನ ಶೆಡ್ಡಿನಲ್ಲಿ ಮಗ್ಗದ ಮುಂದೆ ನಿಲ್ಲಬೇಕು. ನಾನು ಅದೇ ಶೆಡ್ಡಿನ ಮೂಲೆಯಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಬೇಕು. ದೊಡ್ಡಪ್ಪನ ಹೆಣ್ಣುಮಕ್ಕಳಿಬ್ಬರೂ ಎಂಟು ಮುಗಿದ ಮಾರನೇ ದಿನವೇ ಅಲ್ಲಿ ಕೂತವರು. ಮೂರನೇ ಸುತ್ತುಚಕ್ರ ಒಂದು ಖಾಲಿ ಇತ್ತು. ನಾನು ಆ ಕಡೆ ನೋಡುತ್ತಿರಲಿಲ್ಲ.

ದೊಡ್ಡಪ್ಪ ತೀರ್ಪು ಕೊಟ್ಟದ್ದು ಸೋಮವಾರ.

ಮಂಗಳವಾರ ಬೆಳಗ್ಗೆ ಅಪ್ಪ ನನ್ನನ್ನೂ ಕೂರಿಸಿಕೊಂಡು ಗಣಪತಿಗೆ ಹೊರಟ. ಗಣಪತಿ ಅಂದರೆ ದೇವರಲ್ಲ, ಊರು. ಪಂಪು, ಮೋಟರು, ಲೇತು, ಎರಕದ ಮನೆಗಳ ಊರು. ಅಲ್ಲಿನ ಗಾಳಿಗೆ ಸುಟ್ಟ ಮರಳಿನ ವಾಸನೆ, ಕಬ್ಬಿಣ ಕೊರೆಯುವಾಗ ಸುರಿಯುವ ಬಿಳಿ ಎಣ್ಣೆಯ ವಾಸನೆ. ಒಂದು ಪಂಪಿನ ವರ್ಕ್‌ಶಾಪಿನ ಹಿಂದೆ ಮರಗದಂ ಅಕ್ಕನ ವಾಟರ್ ಸರ್ವೀಸ್ ಶೆಡ್ಡು ಇತ್ತು. ಅಕ್ಕ ಅಂದರೆ ಐವತ್ತರ ಹೆಂಗಸು. ಗಂಡಸರ ಷರಟನ್ನು ಸೀರೆಯ ಮೇಲೆ ತೊಟ್ಟು, ಸೊಂಟಕ್ಕೆ ಸ್ಪ್ಯಾನರು ಸಿಕ್ಕಿಸಿಕೊಂಡಿರುತ್ತಿದ್ದಳು. ಅವಳದು ಕೊಂಗುನಾಡಿನ ತಮಿಳು, ಬೈದರೂ "ಉಂಗ" ಅಂತ ಮರ್ಯಾದೆ ಸೇರಿಸಿಯೇ ಬೈಯುವ ತಮಿಳು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ನೀವು ಮರ್ಯಾದೆ ಸೇರಿಸಿಕೊಂಡು ಓದಿ.

ಅಕ್ಕ ಬಾನೆಟ್ ಎತ್ತಿದಳು. ತುಂಬ ಹೊತ್ತು ನೋಡಿದಳು.

"ಏನುಂಗಣ್ಣಾ, ಇದು ಇಂಜಿನ್ನಾ, ಹೊಲನಾ? ಬಿತ್ತಿದ್ರೆ ಜೋಳ ಬರುತ್ತೆ."

ಅಪ್ಪ ತಲೆ ಕೆರೆದ. "ನೀರಿನ ಗನ್ನಲ್ಲಿ ಒಂದು ಸಲ ಜೋರಾಗಿ ಹೊಡೆದುಬಿಟ್ರೆ..."

"ಹೊಡೆದ್ರೆ ಮಡ್ಡಿ ಜೊತೆ ನಿಮ್ಮ ಡೈನಮೋನೂ ಹೋಗುತ್ತೆ. ವೈರೆಲ್ಲ ಹಳೇದು, ನೀರು ನುಗ್ಗಿದ್ರೆ ಶುಕ್ರವಾರ ಗಾಡಿ ಸ್ಟಾರ್ಟೇ ಆಗಲ್ಲ. ಇದು ಕೈಕೆಲಸ. ನನ್ನ ಹುಡುಗರು ಇಬ್ಬರೂ ಊರಹಬ್ಬಕ್ಕೆ ಹೋಗಿದಾರೆ." ಅವಳ ಕಣ್ಣು ನನ್ನ ಕೈ ಮೇಲೆ ಬಿತ್ತು. ಮಣಿಕಟ್ಟು ಹಿಡಿದು, ಬೆರಳು ಬಿಡಿಸಿ ನೋಡಿದಳು. "ಅಮ್ಮಣಿ, ನಿಂದು ಹೋಗುತ್ತೆ ಸಂದಿ ಒಳಗೆ. ಮಾಡ್ತೀಯಾ?"

"ಅವಳಿಗೇನು ಗೊತ್ತು ಅಕ್ಕಾ" ಅಂದ ಅಪ್ಪ.

"ಮಾಡ್ತೀನಿ" ಅಂದೆ ನಾನು. ನನಗೆ ಹಿಂದಿನ ಬೆಳಗ್ಗೆಯಿಂದ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಾಡಲು ಏನಾದರೂ ಸಿಕ್ಕರೆ ಸಾಕಾಗಿತ್ತು.

ಆದರೆ ಅಕ್ಕ ಕೊಟ್ಟ ಮೊದಲ ಕೆಲಸ ಸುಮ್ಮನೆ ಕೂರುವುದು. ಗಾಡಿ ಓಡಿ ಬಂದಿದೆ, ಇಂಜಿನ್ ಕಾದಿದೆ, ತಣ್ಣಗಾಗುವವರೆಗೆ ಒಂದು ಹನಿಯೂ ಬೀಳಬಾರದು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳುತ್ತೆ, ಕ್ಲೀನರ್ ಬಿದ್ದರೆ ಹೊಗೆಯಾಗಿ ಮೂಗಿಗೆ ಹೊಡೆಯುತ್ತೆ. "ಅಂಗೈ ಹಿಂಭಾಗ ಇಟ್ಟು ನೋಡು. ಹತ್ತು ಎಣಿಸೋವರೆಗೂ ಇಡೋಕಾದ್ರೆ ಶುರು ಮಾಡು."

ನಾನು ಐದು ನಿಮಿಷಕ್ಕೊಂದು ಸಲ ಹೋಗಿ ಕೈ ಇಟ್ಟೆ. ಮೂರಕ್ಕೆ ಕೈ ತೆಗೆದೆ. ಮತ್ತೆ ಹೋಗಿ ಇಟ್ಟೆ. ನಾಲ್ಕು. ಶೆಡ್ಡಿನ ಸುತ್ತ ಓಡಿದೆ. ಎರಕದ ಮನೆಯ ಹಿಂದೆ ಬಿದ್ದಿದ್ದ ಕಬ್ಬಿಣದ ಚೂರು ಐದು ಆರಿಸಿಕೊಂಡು ಒಬ್ಬಳೇ ಐದುಕಲ್ಲಾಟ ಆಡಿದೆ. ಗಣಪತಿಯ ಮಕ್ಕಳಿಗೆ ಕಲ್ಲು ಬೇಕಿರಲಿಲ್ಲ, ಆಟಕ್ಕೆಲ್ಲ ಎರಕದ ಚೂರು, ಗೋಲಿಗೆ ಬೇರಿಂಗಿನ ಗುಂಡು. ಎಸೆದ ಚೂರು ಬೀಳುವ ಮೊದಲೇ ಎದ್ದು ಇಂಜಿನ್ ಮುಟ್ಟಲು ಹೋಗಿರುತ್ತಿದ್ದೆ.

"ಏ ಅಮ್ಮಣಿ, ಅದು ಇಡ್ಲಿಯಲ್ಲ, ಚುಚ್ಚಿ ಚುಚ್ಚಿ ನೋಡೋಕೆ! ಕೂತ್ಕೋ!" ಅಂತ ಅಕ್ಕ ಕೂಗಿದಳು.

ತಣ್ಣಗಾದ ಮೇಲೆ ಅವಳು ನಿಂತು ಹೇಳಿಕೊಟ್ಟಳು. ಮೊದಲು ಬ್ಯಾಟರಿ. ಮೈನಸ್ ವೈರು ಮೊದಲು ಬಿಚ್ಚು, ಆಮೇಲೆ ಪ್ಲಸ್. ತಿರುಗಿ ಹಾಕುವಾಗ ಮೈನಸ್ ಕೊನೆಗೆ. ಆಮೇಲೆ ಮುಚ್ಚುವುದು. ಡೈನಮೋ, ಫ್ಯೂಸಿನ ಡಬ್ಬಿ, ಗಾಳಿ ಎಳೆಯುವ ಬಾಯಿ, ಇವಕ್ಕೆ ನೀರು ಕೂಡದು. ಮುಚ್ಚಲು ಏನಿದೆ ಅಂತ ಕೇಳಿದಾಗ ಅಪ್ಪ ವ್ಯಾನಿನ ಹಿಂದಿನಿಂದ ಸೀರೆ ಕವರಿನ ಕಟ್ಟು ತಂದ. ಹೊಸ ಸೀರೆ ಹಾಕಿ ಕೊಡುವ ಮಿರಿಮಿರಿ ಪ್ಲಾಸ್ಟಿಕ್ಕು. ಡೈನಮೋಗೆ ಒಂದು ಕವರು ಸುತ್ತಿ ನೂಲಿನಿಂದ ಬಿಗಿದೆ. ನೇಕಾರರ ಗಂಟು, ನೀರೇನು, ಯಮ ಎಳೆದರೂ ಬಿಚ್ಚದು. ಅಕ್ಕ ಎಳೆದು ನೋಡಿ ಮೊದಲ ಸಲ ನಕ್ಕಳು. "ಗಂಟು ಚೆನ್ನಾಗಿದೆ." ನನ್ನ ಎರಡು ಕೈಗೂ ಒಂದೊಂದು ಕವರು ಕಟ್ಟಿದಳು.

ಅಪ್ಪ ಸೀಮೆಎಣ್ಣೆ ಕ್ಯಾನು ಹಿಡಿದು ಬಂದಾಗ ಮಾತ್ರ ಅವಳಿಗೆ ನಿಜವಾಗಿ ಸಿಟ್ಟು ಬಂತು. "ಅಣ್ಣಾ, ಅದನ್ನ ಗೇಟಿನ ಆಚೆ ಇಟ್ಟು ಬನ್ನಿ. ಪೆಟ್ರೋಲು, ಸೀಮೆಎಣ್ಣೆ ನನ್ನ ಶೆಡ್ಡಲ್ಲಿ ಇಂಜಿನ್ ತೊಳೆಯೋಕಲ್ಲ. ತೊಳೆದವನು ಹೋಗ್ತಾನೆ, ವಾಸನೆ ಸಂದಿಯಲ್ಲಿ ಕೂತಿರುತ್ತೆ, ಸ್ಟಾರ್ಟ್ ಮಾಡೋವಾಗ ಒಂದು ಕಿಡಿ ಸಾಕು." ನೀರಲ್ಲಿ ಕಲಸುವ ನೇರಳೆ ಬಣ್ಣದ ಕ್ಲೀನರ್ ಕೊಟ್ಟಳು. ಹಚ್ಚು, ಹತ್ತು ನಿಮಿಷ ಬಿಡು, ಒಣಗಲು ಬಿಡಬೇಡ, ಬ್ರಷ್ಷಲ್ಲಿ ಉಜ್ಜು, ಚೊಂಬಿನಿಂದ ನಿಧಾನ ನೀರು ಹಾಕು, ಒರೆಸು.

ಒರೆಸಲು ಬನಿಯನ್ ವೇಸ್ಟು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕತ್ತರಿಸಿ ಉಳಿದ ತುಂಡುಬಟ್ಟೆ. ನಮ್ಮ ಕಡೆ ಯಾವ ವರ್ಕ್‌ಶಾಪಿಗೆ ಹೋದರೂ ಮೂಲೆಯಲ್ಲಿ ಅದರದೊಂದು ಮೂಟೆ ಇರುತ್ತದೆ. ಅಕ್ಕ ಎಣಿಸಿ ಹನ್ನೆರಡು ತುಂಡು ಕೊಟ್ಟಳು.

"ಹನ್ನೆರಡು ಒಳಗೆ ಹೋಯ್ತು, ಹನ್ನೆರಡು ಹೊರಗೆ ಬರಬೇಕು. ಬಾನೆಟ್ ಮುಚ್ಚೋ ಮೊದಲು ನನ್ನ ಮುಂದೆ ಎಣಿಸಬೇಕು. ಒಂದು ಒಳಗೆ ಉಳಿದ್ರೂ ಬೆಂಕಿ."

ಆ ದಿನವೆಲ್ಲ ಉಜ್ಜಿದೆ. ಮಡ್ಡಿ ಹಲ್ವದ ಹಾಗೆ ಪದರ ಪದರವಾಗಿ ಎದ್ದಿತು. ಒಂದು ಪದರದಲ್ಲಿ ಸೀರೆಯ ಚೀಟಿ ಸಿಕ್ಕಿತು, ಇನ್ನೊಂದರಲ್ಲಿ ಯಾವ ವರ್ಷದ್ದೋ ಮಲ್ಲಿಗೆ ದಾರ. ಅಪ್ಪ ಹನ್ನೆರಡು ವರ್ಷ ಓಡಿದ ದಾರಿಯೆಲ್ಲ ಅದರೊಳಗಿತ್ತು. ನನಗೆ ಅದರ ಬಗ್ಗೆ ಕನಿಕರವೇನೂ ಬರಲಿಲ್ಲ. ಬೇಗ ಹೋಗು, ಬೇಗ ಹೋಗು ಅಂತ ಹಲ್ಲು ಕಚ್ಚಿ ಉಜ್ಜುತ್ತಿದ್ದೆ. ಮಧ್ಯಾಹ್ನ ಅಕ್ಕ ತನ್ನ ಊಟದ ತೂಕುಪಾತ್ರೆಯಿಂದ ತಂಗಳನ್ನ, ಮಜ್ಜಿಗೆ, ಸಿಪ್ಪೆ ಬಿಡಿಸಿದ ಸಣ್ಣ ಈರುಳ್ಳಿ ಕೊಟ್ಟಳು. ಎಷ್ಟು ಕೈ ತೊಳೆದಿದ್ದರೂ ಅನ್ನಕ್ಕೆ ಡೀಸೆಲ್ಲಿನ ವಾಸನೆ. ಈರುಳ್ಳಿ ಕಚ್ಚಿದಾಗ ಮಾತ್ರ ಅದು ಹೋಗುತ್ತಿತ್ತು. ಹತ್ತು ಈರುಳ್ಳಿ ತಿಂದಿರಬೇಕು.

ಸಂಜೆ ಎಣಿಸಿದೆವು. ಹನ್ನೆರಡು.

ಬುಧವಾರವೂ ಹಾಗೇ. ಹಚ್ಚು, ಬಿಡು, ಉಜ್ಜು, ಒರೆಸು, ಎಣಿಸು. ಮೇಲ್ಭಾಗ ಬೆಳ್ಳಗೆ ಕಂಡಿತು. ಸೋರುತ್ತಿದ್ದ ಜಾಗವೂ ಕಂಡಿತು. ಒಂದು ಮುಚ್ಚಳದ ಕೆಳಗಿನ ಕಾರ್ಕು ಒಡೆದಿತ್ತು, ಅಕ್ಕ ಹೊಸದು ಕತ್ತರಿಸಿ ಕೂರಿಸಿದಳು. ಆದರೆ ನಂಬರು ಮಾತ್ರ ಸಿಗಲಿಲ್ಲ. ಅದು ಪಕ್ಕದಲ್ಲಿ, ಸೈಲೆನ್ಸರು ಹೊರಡುವ ದಪ್ಪ ಕೊಳವೆಯ ಕೆಳಗೆ, ಕೈ ಮಾತ್ರ ತೂರುವ ಸಂದಿಯಲ್ಲಿ ಇರುತ್ತದಂತೆ. ಬ್ರಷ್ಷು ಅಲ್ಲಿಗೆ ಹೋಗುತ್ತಿರಲಿಲ್ಲ. ಬನಿಯನ್ ತುಂಡುಗಳೂ ಕ್ಲೀನರ್ ಕುಡಿದು ಕುಡಿದು ಜಾರುತ್ತಿದ್ದವು.

ಅವತ್ತು ಮನೆಗೆ ಬಂದಾಗ ದೊಡ್ಡಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ನನ್ನ ಉಗುರು ನೋಡಿ ಅಂದರು, "ಏನೇ ಸುಮತಿ, ಒಂಬತ್ತನೇ ಕ್ಲಾಸಿನ ಪಾಠ ಶುರುವಾಗೈತಾ? ಉಗುರಲ್ಲೇ ಬರ್ಕೊಂಡು ಬಂದಿದ್ದೀಯ."

ಒಳಗಿಂದ ಅವರ ದೊಡ್ಡ ಮಗಳು ಕಂಡಿಕೆ ಸುತ್ತುತ್ತಲೇ ನನ್ನ ಕಡೆ ನೋಡಿದಳು. ನಗಲಿಲ್ಲ.

ಗುರುವಾರ. ಅಕ್ಕ ತನ್ನ ತಂಗಿಯ ಮಗಳ ಸೀಮಂತಕ್ಕೆ ಹೋಗಬೇಕಿತ್ತು. "ಮಧ್ಯಾಹ್ನ ಎರಡಕ್ಕೆ ಬರ್ತೀನಿ. ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ ಹೋದಳು. ನಾನು ಬೆಳಗ್ಗೆ ಮನೆಯಿಂದ ಹೊರಡುವಾಗಲೇ ದೊಡ್ಡಪ್ಪನ ಶೆಡ್ಡಿನ ಹಿಂದಿನ ಗೋಣಿಯಿಂದ ಎರಡು ಹಿಡಿ ನೂಲಿನ ವೇಸ್ಟು ಎತ್ತಿ ಚೀಲಕ್ಕೆ ತುರುಕಿಕೊಂಡಿದ್ದೆ. ಮಗ್ಗದ ಮನೆಯವರಿಗೆ ಕೈ ಒರೆಸಲು, ಎಣ್ಣೆ ಹಚ್ಚಲು, ಎಲ್ಲದಕ್ಕೂ ನೂಲಿನ ವೇಸ್ಟೇ. ಮನೆಯಲ್ಲಿ ಮೂಟೆಗಟ್ಟಲೆ ನೂಲಿರುವಾಗ ಬನಿಯನ್ ತುಂಡಿಗೆ ಕೈ ಚಾಚುವುದು ನಮಗೊಂದು ಅವಮಾನ. ಜೊತೆಗೆ ನೂಲಿಗೆ ಹಿಡಿತ ಹೆಚ್ಚು, ಸಂದಿಯಲ್ಲಿ ತೂರಿಸಿ ಎರಡು ತುದಿ ಹಿಡಿದು ಗರಗಸದ ಹಾಗೆ ಎಳೆಯಬಹುದು. ಇದು ನನ್ನ ಸ್ವಂತ ಬುದ್ಧಿ ಅಂತ ಹಿಗ್ಗಿದ್ದೆ.

ನಿಜಕ್ಕೂ ಕೆಲಸ ಮಾಡಿತು. ಕೊಳವೆಯ ಹಿಂದಿನಿಂದ ತೂರಿಸಿ ಎಳೆದೆ, ಎಳೆದೆ. ನೂಲು ಕರ್ರಗಾಗಿ ಹರಿದು ಬಂತು, ಇನ್ನೊಂದಿಷ್ಟು ತೂರಿಸಿದೆ. ಹನ್ನೊಂದು ಗಂಟೆ ಹೊತ್ತಿಗೆ ಬೆರಳ ತುದಿಗೆ ಏನೋ ತರಿತರಿ ತಗಲಿತು. ತಲೆ ಒಳಗೆ ತೂರಿಸಿ ನೋಡಿದೆ. ಒಂದು ಏಳು. ಪಕ್ಕದಲ್ಲಿ ಇನ್ನೊಂದು ಅಂಕಿ.

"ಅಪ್ಪಾ! ನಂಬರು! ನಂಬರು ಐತೆ!"

ಅಪ್ಪ ಓಡಿ ಬಂದು ಬಗ್ಗಿ, ತಲೆ ಬಾನೆಟ್ಟಿಗೆ ಬಡಿದುಕೊಂಡ. ಪೂರ್ತಿ ಓದಿದೆವು. ಆರ್‌ಸಿ ಬುಕ್ಕಿಗೆ ಹೋಲಿಸಿದೆವು. ಅದೇ. ಅಪ್ಪ ನನ್ನ ಕೆನ್ನೆಗೆ ತಟ್ಟಿದ, ಕೆನ್ನೆ ಮೇಲೆ ಮಸಿಯ ಐದು ಬೆರಳು ಮೂಡಿತು.

ಆಮೇಲೆ ಎರಡು ಗಂಟೆವರೆಗೆ ಕಾಯಬೇಕಿತ್ತು. ಕವರು ಬಿಚ್ಚಿದೆವು, ಒಣಗಿಸಿದೆವು, ಬ್ಯಾಟರಿ ವೈರು ಸೇರಿಸಿದೆವು. ಬನಿಯನ್ ತುಂಡು ಎಣಿಸಿದೆ, ಹನ್ನೆರಡು. ಹನ್ನೆರಡೂವರೆ ಆಯಿತು. ಒಂದಾಯಿತು. ಅಷ್ಟರಲ್ಲಿ ದೊಡ್ಡಪ್ಪ ಬಂದರು, ತಮ್ಮ ಮೊಪೆಡ್ಡಿನಲ್ಲಿ, ಗಣಪತಿಯಲ್ಲಿ ಮಗ್ಗದ ಹಲ್ಲುಚಕ್ರ ರಿಪೇರಿಗೆ ಕೊಡುವ ನೆಪದಲ್ಲಿ. ಇಂಜಿನ್ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಹೊಳೀತಾ ಐತೆ, ನಿಜ. ಓಡ್ತದಾ?"

ಆ ಒಂದು ಮಾತು ಸಾಕಾಯಿತು. "ಅಪ್ಪಾ, ಹಾಕಿ ತೋರಿಸು" ಅಂದೆ ನಾನು. ಅಪ್ಪ ಒಂದು ಗಳಿಗೆ ತಡೆದ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ಕೀ ತಿರುಗಿಸಿದ. ಮೊದಲ ಸಲಕ್ಕೇ ಹಿಡಿಯಿತು. ದೊಡ್ಡಪ್ಪನ ಹುಬ್ಬು ಎದ್ದಿತು. ನಾನು ಕುಣಿದೆ.

ಐದು ನಿಮಿಷ ಓಡಿರಬೇಕು. ಮೊದಲು ಬಂದದ್ದು ವಾಸನೆ. ದೀಪದ ಬತ್ತಿ ಆರಿಸಿದಾಗ ಬರುತ್ತಲ್ಲ, ಅದು. ಆಮೇಲೆ ಕೊಳವೆಯ ಹಿಂದಿನಿಂದ ಬಿಳಿ ಹೊಗೆಯ ಒಂದು ಎಳೆ. ಜೊತೆಗೆ ಫ್ಯಾನಿನ ಬೆಲ್ಟಿನ ಕಡೆಯಿಂದ ಕಿರ್ರ್ ಅಂತ ಸದ್ದು.

"ಆಫ್ ಮಾಡೋ! ಆಫ್ ಮಾಡೋ!" ದೊಡ್ಡಪ್ಪ ಕಿರುಚಿದರು. ಅಪ್ಪ ಆಫ್ ಮಾಡಿ ಇಳಿಯುವಷ್ಟರಲ್ಲಿ ಎಳೆ ಹೋಗಿ ಹೊಗೆ ಉಂಡೆಯುಂಡೆಯಾಗಿ ಬಂತು, ಅದರೊಳಗೆ ಕೆಂಪು ಕಣ್ಣು. ನಾನು ನೀರಿನ ಬಕೆಟ್ಟು ಎತ್ತಿದ್ದೆ.

"ನೀರು ಹಾಕಬೇಡ!"

ಮರಗದಂ ಅಕ್ಕ. ತಲೆ ತುಂಬ ಹೂವು, ಕೈ ತುಂಬ ಬಳೆ, ಸೀಮಂತದ ರೇಷ್ಮೆ ಸೀರೆಯಲ್ಲೇ, ಹೇಳಿದ್ದಕ್ಕಿಂತ ಮೊದಲೇ, ಗೇಟಿನಿಂದ ಓಡಿ ಬಂದಳು. ಕಂಬಕ್ಕೆ ನೇತುಹಾಕಿದ್ದ ಮರಳಿನ ಬಕೆಟ್ಟಿನಿಂದ ಎರಡು ಹಿಡಿ ಎತ್ತಿ ಕೊಳವೆಯ ಹಿಂದೆ ಸುರಿದಳು. ಇನ್ನೆರಡು. ಕಟಿಂಗ್ ಪ್ಲೇಯರಿನಿಂದ ಹೊಗೆಯಾಡುತ್ತಿದ್ದ ಗಂಟನ್ನು ಎಳೆದು ನೆಲಕ್ಕೆ ಹಾಕಿ ಮರಳಲ್ಲಿ ಹೊರಳಿಸಿದಳು. ಅದು ಬನಿಯನ್ ಅಲ್ಲ. ಸುಟ್ಟರೂ ಎಳೆ ಎಳೆ ಕಾಣುತ್ತಿತ್ತು.

ದೊಡ್ಡಪ್ಪ ಬಗ್ಗಿ, ಸುಡದೆ ಉಳಿದ ಒಂದು ಎಳೆ ಎತ್ತಿ, ಬೆರಳಲ್ಲಿ ಹೊಸೆದು ನೋಡಿದರು.

"ನಲವತ್ತನೇ ನಂಬರಿನ ನೂಲು. ನನ್ನ ಶೆಡ್ಡಿಂದು."

"ನಾನೇ ತಂದದ್ದು" ಅಂದೆ. "ಬನಿಯನ್ ಎಣಿಸಿದೆ ಅಕ್ಕಾ. ಹನ್ನೆರಡೂ ಇತ್ತು."

"ಇದನ್ನ ಎಷ್ಟು ಅಂತ ಎಣಿಸ್ತೀಯ?" ಅಕ್ಕ ಕೂಗಲಿಲ್ಲ, ಅದೇ ಹೆಚ್ಚು ನೋಯಿತು. "ಅಮ್ಮಣಿ, ಬಟ್ಟೆ ಅಂದ್ರೆ ಒಂದು ಎರಡು ಅಂತ ಲೆಕ್ಕ ಸಿಗುತ್ತೆ. ನೂಲು ಒಂದು ಹಿಡಿ ಒಳಗೆ ಹೋಗಿ ನೂರಾಗುತ್ತೆ. ಅದಕ್ಕೇ ನನ್ನ ಶೆಡ್ಡಲ್ಲಿ ಇಲ್ಲ. ಅದನ್ನ ಬಾಯಿಬಿಟ್ಟು ಹೇಳಲಿಲ್ಲ, ತಪ್ಪು ನಂದೂ ಇದೆ." ಆಮೇಲೆ ಅಪ್ಪನ ಕಡೆ ತಿರುಗಿದಳು. "ನಿಮಗೆ ಎರಡು ಗಂಟೆ ಅಂದಿದ್ದೆ ಅಣ್ಣಾ. ಮಕ್ಕಳಿಗೆ ತಾಳ್ಮೆ ಇರಲ್ಲ, ನಿಮಗೂ ಇಲ್ವಾ?"

ಅಪ್ಪ ಕೀ ತೆಗೆದು ಅವಳ ಕೈಗೆ ಕೊಟ್ಟ.

ವೈರು ಒಂದು ಗೇಣು ಕರಗಿತ್ತು, ಅಕ್ಕ ಅದನ್ನು ಬದಲಿಸಬಲ್ಲಳು. ಕಷ್ಟ ಬೇರೆ ಕಡೆ ಇತ್ತು. ಉದ್ದುದ್ದ ಎಳೆಗಳು ಗಾಳಿಗೆ ಹಾರಿ ಫ್ಯಾನಿನ ಬೆಲ್ಟು ಓಡುವ ಪುಲ್ಲಿಗೆ ಸುತ್ತಿಕೊಂಡು, ಅದರ ಹಿಂದಿನ ರಬ್ಬರ್ ಸೀಲಿನ ಹತ್ತಿರ ಕಲ್ಲಿನಂತೆ ಬಿಗಿದಿದ್ದವು. ಅದರ ಮೇಲೆ ಬೆಲ್ಟು ಜಾರುತ್ತಿತ್ತು. ಬ್ಲೇಡು ಹಾಕಿದರೆ ಸೀಲು ಕತ್ತರಿಸುತ್ತೆ. ಪುಲ್ಲಿ ಬಿಚ್ಚಲು ಬೇಕಾದ ಉಪಕರಣ ಅಕ್ಕನ ಹತ್ತಿರ ಇರಲಿಲ್ಲ, ಬೇರೆ ಕಡೆ ಕೊಟ್ಟರೆ ಸೋಮವಾರ ಅಂತಾರೆ.

"ಹಾಗಾದ್ರೆ ನಾಳೆ..." ಅಂದ ಅಪ್ಪ.

ನಾನು ಅಳಲಿಲ್ಲ. ಅಳು ಬರಲು ಒಂದು ಕಡೆ ನಿಲ್ಲಬೇಕು. ಗೇಟಿನಿಂದ ಕಂಬಕ್ಕೆ, ಕಂಬದಿಂದ ಗೇಟಿಗೆ ನಡೆಯುತ್ತಿದ್ದೆ. ನನ್ನ ಒಂಬತ್ತನೇ ಕ್ಲಾಸನ್ನು ನಾನೇ ಸುಟ್ಟಿದ್ದೆ.

ದೊಡ್ಡಪ್ಪ ಬಗ್ಗಿ ಪುಲ್ಲಿಗೆ ಸುತ್ತಿದ್ದ ಎಳೆಯನ್ನು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿದರು. ಷರಟಿನ ಜೇಬಿನಿಂದ ಪೆನ್ನಿನ ಪಕ್ಕದಲ್ಲಿ ಸಿಕ್ಕಿಸಿದ್ದ ಕೊಕ್ಕೆ ತೆಗೆದರು. ಮಗ್ಗದ ಹಣಿಗೆಯ ಸಂದಿಯಿಂದ ಎಳೆ ತೂರಿಸುವ ಚಪ್ಪಟೆ ಕೊಕ್ಕೆ, ನೇಕಾರ ಆದವನ ಜೇಬಲ್ಲಿ ಯಾವಾಗಲೂ ಇರುವುದು.

"ಅಣ್ಣಾ, ನೀನ್ಯಾಕೆ, ಪಂಚೆ ಕೊಳೆ ಆಗ್ತದೆ" ಅಂದ ಅಪ್ಪ.

"ಸುಮ್ನಿರೋ. ನನ್ನ ನೂಲಿಂದ ನನ್ನ ತಮ್ಮನ ಗಾಡಿ ನಿಂತೋಯ್ತು ಅಂತ ಬೀದಿಯವರು ಆಡ್ಕೊಬೇಕಾ? ಲೈಟ್ ಹಿಡಿಯೇ ಸುಮತಿ."

ನಾನು ಟಾರ್ಚು ಹಿಡಿದೆ. ಅವರು ಬಂಪರಿನ ಮೇಲೆ ಹೊಟ್ಟೆ ಊರಿ, ಒಂದು ಕಣ್ಣು ಮುಚ್ಚಿ ಕೊಕ್ಕೆ ತೂರಿಸಿದರು. ಎಳೆಯುವುದಿಲ್ಲ, ಮೊದಲು ತುದಿ ಹುಡುಕುವುದು. ತುದಿ ಸಿಕ್ಕರೆ ಒಂದು ಸುತ್ತು ಹಿಂದಕ್ಕೆ, ಇನ್ನೊಂದು ಸುತ್ತು ಹಿಂದಕ್ಕೆ. ಒಂದು ಎಳೆ ಪೂರ್ತಿ ಬಂದ ಮೇಲೆಯೇ ಮುಂದಿನದಕ್ಕೆ ಕೈ. ಮಗ್ಗದಲ್ಲಿ ಹರಿದ ಹಾಸಿನ ಎಳೆಯನ್ನು ಸಾವಿರದ ನಡುವೆ ಹುಡುಕುವ ಕೈ ಅದು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೆ.

"ಬೆಳಕು ಕುಣೀತೈತೆ."

"ಸೆರಿ ದೊಡ್ಡಪ್ಪಾ."

"ಕಾಲು ಕುಣಿದ್ರೆ ಬೆಳಕೂ ಕುಣೀತದೆ. ಕಾಲು ನಿಲ್ಸು ಮೊದಲು."

ನಿಲ್ಲಿಸಿದೆ. ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಕಾಲು ನಿಂತದ್ದು ಆಗ. ಅಕ್ಕ ರೇಷ್ಮೆ ಸೀರೆಯ ಮೇಲೆ ಷರಟು ಹಾಕಿಕೊಂಡು ಇನ್ನೊಂದು ಪಕ್ಕದಿಂದ ವೈರು ಬದಲಿಸುತ್ತಿದ್ದಳು. ನಡುನಡುವೆ ಇಣುಕಿ ನೋಡಿ, "ಅಣ್ಣನ ಕೈ ಡಾಕ್ಟರ ಕೈ" ಅಂದಳು. ದೊಡ್ಡಪ್ಪ "ನಮ್ಮ ಕೈಗೆ ಡಾಕ್ಟರ ಫೀಸು ಯಾರೂ ಕೊಡಲ್ಲ ತಾಯೀ" ಅಂದರು. ಅವರು ತಮಾಷೆ ಮಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಕೊನೆ ಎಳೆ ಬಂದಾಗ ಬಿಸಿಲು ಶೆಡ್ಡಿನ ಒಳಗೆ ಓರೆಯಾಗಿ ಬಿದ್ದಿತ್ತು. ಅಕ್ಕ ಸ್ಟಾರ್ಟ್ ಮಾಡಲು ಬಿಡಲಿಲ್ಲ. ನಾವು ನಾಲ್ವರೂ ಬೇರೆ ಬೇರೆಯಾಗಿ, ಒಬ್ಬೊಬ್ಬರೂ ಟಾರ್ಚು ಹಿಡಿದು ಮೂಲೆಮೂಲೆ ಹುಡುಕಬೇಕು, ನಾಲ್ವರೂ ಇಲ್ಲ ಅಂದ ಮೇಲೆಯೇ ಕೀ. ಹುಡುಕಿದೆವು. ಇನ್ನೂ ಎರಡು ಚೂರು ನನಗೇ ಸಿಕ್ಕಿದವು. ಆಮೇಲೆ ಸ್ಟಾರ್ಟ್ ಮಾಡಿ, ಅರ್ಧ ಗಂಟೆ ಬಾನೆಟ್ ತೆರೆದೇ ಓಡಿಸಿದೆವು. ಹೊಗೆ ಇಲ್ಲ, ಕಿರ್ರ್ ಇಲ್ಲ, ಹೊಸ ಕಾರ್ಕಿನ ಕೆಳಗೆ ಒಂದು ಹನಿಯೂ ಇಲ್ಲ.

ಶುಕ್ರವಾರ ಆರ್‌ಟಿಓ ಮೈದಾನದಲ್ಲಿ ಲಾರಿ, ಟೆಂಪೋ, ಸ್ಕೂಲ್ ಬಸ್ಸು ಸಾಲುಸಾಲು. ದೊಡ್ಡಪ್ಪನೂ ಬಂದಿದ್ದರು. ಗಾಂಧಿಪುರಂನಲ್ಲಿ ಕೆಲಸ ಇದೆ ಅಂತ ವ್ಯಾನು ಹತ್ತಿದವರು ಗಾಂಧಿಪುರಂ ಬಂದಾಗ ಇಳಿಯಲೇ ಇಲ್ಲ. ನಮ್ಮ ಸರದಿ ಬಂದಾಗ ಇನ್‌ಸ್ಪೆಕ್ಟರು ಬಾನೆಟ್ ಎತ್ತಿದರು. ಈ ಸಲ ಮೂಗು ಮುರಿಯಲಿಲ್ಲ. ಸಂದಿಯಲ್ಲಿ ಕೈ ತೂರಿಸಿ ನಂಬರಿನ ಮೇಲೆ ಕಾಗದ ಒತ್ತಿ ಪೆನ್ಸಿಲ್ಲು ಉಜ್ಜಲು ಹೋದರು, ಕೈ ಹೋಗಲಿಲ್ಲ. ಸುತ್ತ ನೋಡಿದರು. ನಾನು ಕೈ ಚಾಚಿದೆ. ಕಾಗದ, ಪೆನ್ಸಿಲ್ಲು ನನಗೇ ಕೊಟ್ಟರು. ಕುರುಡಾಗಿ ಉಜ್ಜಿ ಹೊರಗೆ ತೆಗೆದೆ. ಕಪ್ಪಿನ ನಡುವೆ ಬಿಳಿ ಅಂಕಿಗಳು, ಒಂದೂ ಬಿಡದೆ. ಬ್ರೇಕು, ದೀಪ, ಹಾರನ್ನು ನೋಡಿ, "ಕೂತಿರಿ" ಅಂತ ಹೇಳಿ ಒಳಗೆ ಹೋದರು. ಪಾಸಾ, ಫೇಲಾ ಏನೂ ಹೇಳಲಿಲ್ಲ.

ಬೇವಿನ ಮರದ ಕೆಳಗಿನ ಆ ಬೆಂಚಿನ ಮೇಲೆ ನಾವು ಮೂವರೂ ಕೂತ ಎರಡು ಗಂಟೆ ಈಗಲೂ ನನ್ನ ಮೈಯಲ್ಲಿದೆ. ಆಮೇಲೆ ನಾನು ಎಷ್ಟೋ ಬೆಂಚಿನ ಮೇಲೆ ಕಾದಿದ್ದೇನೆ, ಸ್ಕಾಲರ್‌ಶಿಪ್ಪಿಗೆ, ಕೌನ್ಸೆಲಿಂಗಿಗೆ, ಹಾಸ್ಟೆಲ್ ಸೀಟಿಗೆ. ನಮ್ಮ ಬೀದಿಯಿಂದ ಇಂಜಿನಿಯರಿಂಗ್ ಡಿಗ್ರಿ ಮಾಡಿದ ಮೊದಲ ಹುಡುಗಿ ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಬಿಟ್ಟಿ ಬಂದದ್ದಲ್ಲ. ಈಗ ಗಣಪತಿಯ ಒಂದು ಪಂಪ್ ಫ್ಯಾಕ್ಟರಿಯಲ್ಲೇ ಕೆಲಸ. ಈ ಕನ್ನಡ ಅಕ್ಷರವನ್ನೂ ಕಲಿತದ್ದು ಹಾಸ್ಟೆಲ್ಲಿನಲ್ಲಿ, ದಾವಣಗೆರೆಯಿಂದ ಓದಲು ಬಂದಿದ್ದ ರೂಂಮೇಟಿನ ಹತ್ತಿರ. ಅಲ್ಲಿಯವರೆಗೆ ನಮಗೆ ಕನ್ನಡ ಅಂದರೆ ಮನೆಯೊಳಗಿನ ಸದ್ದು ಮಾತ್ರ.

ಆ ಸದ್ದೂ ಈಗ ಕಡಿಮೆಯಾಗಿದೆ. ಬೀದಿಯ ಮಗ್ಗಗಳನ್ನು ಬಿಚ್ಚಿ ತೂಕಕ್ಕೆ ಹಾಕಿದರು. ತೊಟ್ಟಿಲ ಕೂಸುಗಳು ಸದ್ದಿಲ್ಲದೆಯೇ ಮಲಗುವುದನ್ನು ಕಲಿತಿವೆ, ಎದ್ದರೆ ತಮಿಳಿನಲ್ಲಿ ಅಳುತ್ತವೆ. ದೊಡ್ಡಪ್ಪ ಇಲ್ಲ. ವ್ಯಾನು ಇಲ್ಲ. ಅಕ್ಕನ ಶೆಡ್ಡಿದ್ದ ಜಾಗದಲ್ಲಿ ಐದು ಅಂತಸ್ತಿನ ಮನೆಗಳು ಎದ್ದಿವೆ, ಅವಳು ಊರಿಗೆ ಹೋದಳು ಅಂತಾರೆ, ಯಾವ ಊರು ಅಂತ ಯಾರಿಗೂ ಗೊತ್ತಿಲ್ಲ. ನನ್ನ ಕಾರಿನ ಬಾನೆಟ್ ಎತ್ತಿದರೆ ಒಂದು ದೊಡ್ಡ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದರೊಳಗೆ ಇಂಜಿನ್ ಇದೆ ಅಂತ ನಂಬಿಕೊಂಡು ಓಡಿಸುತ್ತೇನೆ. ತೊಳೆಯಲು ಸರ್ವೀಸ್ ಸೆಂಟರಿಗೆ ಕೊಡುತ್ತೇನೆ, ಅವರು ಗಾಜಿನಾಚೆಯ ಕುರ್ಚಿಯಲ್ಲಿ ಕೂರಿಸುತ್ತಾರೆ. ನನ್ನ ಉಗುರು ಈಗ ಸ್ವಚ್ಛವಾಗಿದೆ. ಆದರೆ ಒಂದೇ ವಸ್ತುವಿನ ಮೇಲೆ ಮನೆಯವರೆಲ್ಲ ಒಟ್ಟಿಗೆ ಬಗ್ಗಿ, ಒಬ್ಬರ ಉಸಿರು ಇನ್ನೊಬ್ಬರ ಕತ್ತಿಗೆ ತಗಲುವಂತೆ ನಿಂತದ್ದು ಆಮೇಲೆ ಎಂದೂ ಆಗಲಿಲ್ಲ. ಮದುವೆ ಮನೆಯಲ್ಲೂ ಇಲ್ಲ.

ಆ ಬೆಂಚಿನ ಮೇಲೆ ಅಪ್ಪ ಬೀಡಿ ಹಚ್ಚುತ್ತಿದ್ದ, ಆರಿಸುತ್ತಿದ್ದ. ನಾನು ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದೆ. ದೊಡ್ಡಪ್ಪ ಮಾತ್ರ ಕೋಲಿನಂತೆ ನೆಟ್ಟಗೆ ಕೂತಿದ್ದರು. ಮಧ್ಯಾಹ್ನ ಒಂದರ ಹೊತ್ತಿಗೆ ಕಿಟಕಿಯಿಂದ ಗುಮಾಸ್ತ ಗಾಡಿ ನಂಬರು ಕೂಗಿದ. ಅಪ್ಪ ಎದ್ದು ಬೀಡಿ ಆರಿಸುತ್ತಾ ನಿಂತ, ಮುಂದೆ ಹೋ‍ಗಲಿಲ್ಲ. ನಾನೇ ಓಡಿದೆ. ಗುಮಾಸ್ತ ಸೀಲಿನ ಮಸಿ ಆರದ ಒಂದು ಕಾಗದವನ್ನು ಕಂಬಿಯ ಸಂದಿಯಿಂದ ನನ್ನ ಕೈಗೆ ಕೊಟ್ಟ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಇಂಗ್ಲಿಷಿನಲ್ಲಿದ್ದುದನ್ನು ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದೆ. ಒಂದು ವರ್ಷ ಓಡಬಹುದು.

ಅಪ್ಪ ಟವಲಿನಲ್ಲಿ ಮುಖ ಒರೆಸಿಕೊಂಡ. ದೊಡ್ಡಪ್ಪ ಕಾಗದ ಈಸಿಕೊಂಡು, ತಮಗೆ ಓದಲು ಬಾರದ ಅದನ್ನು ಮೇಲಿಂದ ಕೆಳಗೆ ನೋಡಿ, ನನಗೆ ವಾಪಸು ಕೊಟ್ಟರು. ವ್ಯಾನಿನ ಕಡೆ ನಡೆಯುತ್ತಾ, ತಿರುಗಿ ನೋಡದೆ ಕೇಳಿದರು:

"ತುಡಿಯಲೂರು ಸ್ಕೂಲು ಯಾವತ್ತು ತೆಗೀತಾರೆ?"